ದುರ್ಯೋಧನನ ಮಾತ್ರೆ

ನಮ್ಮ ಕಡೆ ಕುರುಕ್ಷೇತ್ರ ನಾಟಕದಲ್ಲಿ ಪಾರ್ಟುಗಳು ಪ್ರತಿಭೆಗೆ ಸಿಗುವುದಿಲ್ಲ, ದುಡ್ಡಿಗೆ ಸಿಗುತ್ತವೆ. ದೂತನಿಗೆ ಒಂದು ರೇಟು, ವಿದುರನಿಗೆ ಒಂದು, ಕೃಷ್ಣನಿಗೆ ಒಂದು, ಎಲ್ಲಕ್ಕಿಂತ ಮೇಲೆ ದುರ್ಯೋಧನ. ಸೀನರಿ ಬಾಡಿಗೆ, ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ, ಬೆಂಗಳೂರಿನಿಂದ ಕರೆಸುವ ದ್ರೌಪದಿಯ ಖರ್ಚು ಎಲ್ಲವೂ ಈ ಹರಾಜಿನಲ್ಲೇ ಹುಟ್ಟಬೇಕು. ಅರ್ಧ ಎಕರೆ ಮಾರಿದ ವರ್ಷ ದುರ್ಯೋಧನನಾಗಿ ಮೆರೆದವರು ನಂದಗುಡಿ ಸುತ್ತಮುತ್ತ ಬೇಕಾದಷ್ಟು ಜನ ಇದ್ದಾರೆ. ನನಗೆ ಮಾರುವಷ್ಟು ಜಮೀನಿರಲಿಲ್ಲ, ಇದ್ದದ್ದು ಹೈಸ್ಕೂಲು ಕನ್ನಡ ಮೇಷ್ಟ್ರ ಸಂಬಳ. ಆದರೂ ಹನ್ನೊಂದು ಜಾತ್ರೆ ಸತತವಾಗಿ ಆ ಪಾರ್ಟು ನನಗೇ ಬಂತು, ಅದೂ ಅರ್ಧ ರೇಟಿಗೆ. ಕಾರಣ ನನ್ನ ಕೋಪ.

ನನ್ನ ಕೋಪ ಊರಿನ ಸಾರ್ವಜನಿಕ ಆಸ್ತಿಗಳಲ್ಲಿ ಒಂದು. ಹೊಸಕೋಟೆಯಿಂದ ಚಿಂತಾಮಣಿ ರಸ್ತೆಯಲ್ಲಿ ಬರುವವರಿಗೆ ನಮ್ಮ ಮನೆ ಗುರುತು ಹೇಳುವಾಗ, "ಮುಂದಕ್ಕೆ ಹೋಗಿ, ಎಲ್ಲಿ ಬೈಗುಳ ಕೇಳ್ತದೋ ಅಲ್ಲಿ ಇಳ್ಕಳಿ" ಅನ್ನುತ್ತಿದ್ದರಂತೆ. ತರಗತಿಯಲ್ಲಿ ನಾನು ಸಿಟ್ಟಾದರೆ ಮೊದಲು ಕಿವಿ ಕೆಂಪಾಗುತ್ತಿತ್ತು, ಆಮೇಲೆ ಕೈ ನಡುಗಿ ಸೀಮೆಸುಣ್ಣ ಎರಡಾಗುತ್ತಿತ್ತು, ಆಮೇಲೆ ದನಿ ಒಡೆಯುತ್ತಿತ್ತು. ಹುಡುಗರು ಈ ಕ್ರಮವನ್ನು ಸಂಧಿಯ ಸೂತ್ರದ ಹಾಗೆ ಬಾಯಿಪಾಠ ಮಾಡಿಕೊಂಡಿದ್ದರು. ಸುಣ್ಣ ಮುರಿದ ಸದ್ದಿಗೆ ಕೊನೆ ಬೆಂಚು ಖಾಲಿಯಾಗುತ್ತಿತ್ತು. ಹಾರ್ಮೋನಿಯಂ ಮೇಷ್ಟ್ರು, "ಬೇರೆಯೋರಿಗೆ ಕೋಪ ಮಾಡೋದು ಹೇಳ್ಕೊಡಬೇಕು. ಇವ್ರಿಗೆ ಕಿರೀಟ ಇಟ್ರೆ ಸಾಕು" ಅಂತ ಸರ್ಟಿಫಿಕೇಟು ಕೊಟ್ಟಿದ್ದರು.

ಊರಿನ ಗುಣವೂ ಇರಬಹುದು. ನಂದಗುಡಿ ಎಂಬ ಹೆಸರಿಗೆ ನಂದರಾಜರ ಕತೆ ಗಂಟುಹಾಕುವವರಿದ್ದಾರೆ. ನಂದರು ಅಂದರೆ ಚಾಣಕ್ಯ, ಚಾಣಕ್ಯ ಅಂದರೆ ಬಿಚ್ಚಿದ ಜುಟ್ಟು, ಬಿಚ್ಚಿದ ಜುಟ್ಟು ಅಂದರೆ ಕೋಪ. ಕತೆ ನಿಜವೋ ಸುಳ್ಳೋ, ನಮಗೆ ಒಪ್ಪುತ್ತದೆ. 2007ರ ಸುಮಾರಿಗೆ ಇಲ್ಲಿ ವಿಶೇಷ ಆರ್ಥಿಕ ವಲಯ ಮಾಡುತ್ತಾರೆ, ಸಾವಿರಾರು ಎಕರೆ ಹೋಗುತ್ತದೆ ಅಂತ ಸುದ್ದಿ ಬಂದಾಗ ಇಡೀ ಹೋಬಳಿಯ ಎದೆ ಒಂದೇ ತಾಳಕ್ಕೆ ಹೊಡೆದುಕೊಂಡಿತ್ತು. ರೈತರು ಬೀದಿಗಿಳಿದರು. ಆ ದಿನಗಳಲ್ಲಿ ಯಾರಾದರೂ ಬಂದು ಹೋಬಳಿಯ ತೋಳಿಗೆ ಪಟ್ಟಿ ಸುತ್ತಿದ್ದರೆ ಪಾದರಸ ಬುರುಡೆ ಒಡೆದುಕೊಂಡು ಹೊರಗೆ ಬರುತ್ತಿತ್ತು.

ಇಂಥ ನನ್ನ ಎದೆ ಒಂದು ಸಂಜೆ ತಾಳ ತಪ್ಪಿತು. ನಿವೃತ್ತನಾಗಿ ಎರಡನೇ ವರ್ಷ, ರಾಗಿ ಮೂಟೆ ಒಟ್ಟಿದ್ದ ಗೋಡೌನಿನಲ್ಲಿ ತಾಲೀಮು ನಡೆದಿತ್ತು. ಕೃಷ್ಣ ಸಂಧಾನದ ಸೀನು. ಕೃಷ್ಣನ ಪಾರ್ಟಿನವರು ಹಗಲಿನಲ್ಲಿ ವಿಮೆ ಏಜೆಂಟು, ಹಾಗಾಗಿ ಸಂಧಾನದಲ್ಲಿ ಪಳಗಿದ ನಾಲಿಗೆ. ಐದು ಊರು ಕೊಡು ಅಂತ ಅವರು ನಯವಾಗಿ ಕೇಳಿದರು, ನಾನು ಸಿಡಿದೆದ್ದೆ, ಎದ್ದವನಿಗೆ ಎದೆಯೊಳಗೆ ಯಾರೋ ರಾಗಿ ಬಡಿಯುತ್ತಿರುವಂತೆ ಆಯಿತು. ತಬಲದವನು ಆದಿತಾಳದಲ್ಲಿದ್ದ. ನನ್ನ ಗುಂಡಿಗೆ ನಾಲ್ಕು ಬಡಿತ ಅವನ ಜೊತೆ ಹೊಡೆದು, ಒಂದು ನುಂಗಿ, ಆಮೇಲೆ ಎರಡನ್ನು ಒಟ್ಟಿಗೇ ಹೊಡೆದು, ಹೀಗೆ ಯಾವ ಶಾಸ್ತ್ರದಲ್ಲೂ ಇಲ್ಲದ ತಾಳ ಹಿಡಿಯಿತು. ಮೂಟೆ ಮೇಲೆ ಕೂತೆ. ಎಲ್ಲರೂ ಇದು ಹೊಸ ಅಭಿನಯ ಅಂದುಕೊಂಡು ಚಪ್ಪಾಳೆ ಹೊಡೆದರು.

ಮರುದಿನ ಹೊಸಕೋಟೆಯ ಡಾಕ್ಟರ ಹತ್ತಿರ 170-100 ಬಂತು. ನಾಡಿ ನಿಮಿಷಕ್ಕೆ 104. ಇ.ಸಿ.ಜಿ. ಕಾಗದ ನೋಡಿದ ಡಾಕ್ಟರು ಮಧ್ಯೆ ಮಧ್ಯೆ ಗುಂಪು ಬಿಟ್ಟು ಓಡುತ್ತಿದ್ದ ಎರಡು ಮೂರು ಬಡಿತಗಳಿಗೆ ಪೆನ್ನಿನಲ್ಲಿ ಸೊನ್ನೆ ಸುತ್ತಿದರು, ನಾನು ಕಾಗುಣಿತ ತಪ್ಪಿಗೆ ಸುತ್ತುತ್ತಿದ್ದೆನಲ್ಲ, ಥೇಟ್ ಹಾಗೇ. "ಬರೀ ಬಿ.ಪಿ. ಆಗಿದ್ರೆ ಬೇರೆ ಮಾತ್ರೆಯಿಂದ ಶುರು ಮಾಡ್ತಿದ್ದೆ ಮೇಷ್ಟ್ರೇ. ಬಿ.ಪಿ.ಗೆ ಈಗ ಇದನ್ನ ಮೊದಲನೇದಾಗಿ ಕೊಡೋದು ಕಡಿಮೆ. ನಿಮಗೆ ಎದೆಬಡಿತಾನೂ ಇದೆಯಲ್ಲ, ಅದಕ್ಕೆ ಬೀಟಾ ಬ್ಲಾಕರ್ ಕೊಡ್ತೀನಿ. ಒಂದೇ ಮಾತ್ರೇಲಿ ಎರಡೂ ಕೆಲಸ."

ಊರಿಗೆ ವಾಪಸು ಬರುವಷ್ಟರಲ್ಲಿ ಸುದ್ದಿ ನನಗಿಂತ ಮುಂಚಿನ ಬಸ್ಸಿಗೆ ಬಂದಿತ್ತು. ಬೆಳ್ಳುಳ್ಳಿ ನುಂಗಿ ಅಂದವರು, ನುಗ್ಗೆಸೊಪ್ಪು ಅಂದವರು, ಉಪ್ಪಿನಕಾಯಿ ಭರಣಿಯನ್ನು ನಮ್ಮನೆಗೆ ಕೊಟ್ಟುಬಿಡಿ ಅಂದವರು. ಕೃಷ್ಣ ಬಂದು, "ಮೊದಲೇ ಒಂದು ಪಾಲಿಸಿ ಮಾಡಿಸಿದ್ರೆ ಚೆನ್ನಾಗಿತ್ತು" ಅಂತ ನಿಟ್ಟುಸಿರುಬಿಟ್ಟರು. ಎಲ್ಲರ ಕೊನೆಯ ಮಾತು ಒಂದೇ, "ಜಯದೇವಕ್ಕೆ ಒಂದ್ಸಲ ತೋರ್ಸಿ." ನಮ್ಮಲ್ಲಿ ಗುಂಡಿಗೆ ಅಂದರೆ ಜಯದೇವ ಆಸ್ಪತ್ರೆ. ಅಲ್ಲಿನ ನಿರ್ದೇಶಕರಾಗಿದ್ದ ಡಾ. ಸಿ.ಎನ್. ಮಂಜುನಾಥ್ 2024ರಲ್ಲಿ ಬೆಂಗಳೂರು ಗ್ರಾಮಾಂತರದ ಎಂ.ಪಿ. ಆದಾಗ ನನ್ನ ಹೆಂಡತಿ, "ಸದ್ಯ, ಗುಂಡಿಗೆ ಡಾಕ್ಟ್ರೇ ನಮ್ ಎಂ.ಪಿ. ಆದ್ರು" ಅಂತ ದೀಪ ಹಚ್ಚಿದ್ದಳು. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ ನಾಲ್ಕೂ ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರದಲ್ಲಿ ಇಲ್ಲ, ನಾವು ಚಿಕ್ಕಬಳ್ಳಾಪುರಕ್ಕೆ ಸೇರಿದವರು ಅಂತ ಅವಳಿಗೆ ತಿಳಿಸಿ ಹೇಳುವಷ್ಟರಲ್ಲಿ ನನ್ನ ಬಿ.ಪಿ. ಏರಿತ್ತು. ಚಿಕ್ಕಬಳ್ಳಾಪುರದಿಂದ ಗೆದ್ದ ಕೆ. ಸುಧಾಕರ್ ಕೂಡ ಡಾಕ್ಟರೇ ಅಂತ ಗೊತ್ತಾದ ಮೇಲೆ ಇಬ್ಬರೂ ಸಮಾಧಾನ ಮಾಡಿಕೊಂಡೆವು.

ಮಾತ್ರೆ ಚೀಟಿ ಹಿಡಿದು ಮೆಡಿಕಲ್ ಸ್ಟೋರಿಗೆ ಹೋದೆ. ಮೆಟೊಪ್ರೊಲಾಲ್, 25 ಮಿಲಿಗ್ರಾಂ. ಗಾಜಿನ ಪೆಟ್ಟಿಗೆಯೊಳಗೆ ಅದರ ಅಣ್ಣತಮ್ಮಂದಿರೆಲ್ಲ ಸಾಲಾಗಿ ಕೂತಿದ್ದರು: ಅಟೆನೊಲಾಲ್, ಬಿಸೊಪ್ರೊಲಾಲ್, ಪ್ರೊಪ್ರನೊಲಾಲ್, ನೆಬಿವೊಲಾಲ್. ನಾನು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದೆ. ಚಿಕ್ಕಪೇಟೆಯ ಬಟ್ಟೆ ಅಂಗಡಿ ಬೋರ್ಡುಗಳ ಮುಂದೆ ನಿಂತ ಹಾಗಿತ್ತು. ಚುನ್ನಿಲಾಲ್, ಹೀರಾಲಾಲ್, ಮೆಟೊಪ್ರೊಲಾಲ್ ಅಂಡ್ ಸನ್ಸ್. "ಎಲ್ಲಾ ಸೇಟುಗಳೇ ಇದಾರಲ್ಲಪ್ಪ" ಅಂದೆ. ಮೆಡಿಕಲ್ ಹುಡುಗ ನನ್ನ ಹಳೇ ಶಿಷ್ಯ. "ಕೊನೇಲಿ ಲಾಲ್ ಇದ್ರೆ ಈ ಜಾತಿ ಮಾತ್ರೆ ಅಂತ ಅರ್ಥ ಸಾರ್. ನೀವು ಪ್ರತ್ಯಯ ಹೇಳ್ಕೊಡ್ತಿದ್ರಲ್ಲ, ಹಂಗೆ." ಮೂವತ್ತೆರಡು ವರ್ಷದ ಪಾಠದಲ್ಲಿ ಒಂದು ಪ್ರತ್ಯಯವಾದರೂ ಕೆಲಸಕ್ಕೆ ಬಂತಲ್ಲ ಅಂತ ಕಣ್ಣು ತುಂಬಿತು. ಪೂರ್ತಿ ಹೆಸರು ಯಾರ ನಾಲಿಗೆಗೂ ಹೊರಳದೆ, ಒಂದು ವಾರದಲ್ಲಿ ಅದು ಊರಿನ ತುಂಬ "ಮೇಷ್ಟ್ರ ಲಾಲ್ ಮಾತ್ರೆ" ಆಯಿತು.

ಅದು ಒಳಗೆ ಹೋಗಿ ಏನು ಮಾಡುತ್ತದೆ ಎಂಬುದನ್ನು ಹೇಳಿಕೊಟ್ಟವಳು ನನ್ನ ಮಗಳು. ಬೆಂಗಳೂರಿನಲ್ಲಿ ಫಾರ್ಮಸಿ ಓದುತ್ತಾಳೆ. ನಾನು ಅವಳಿಗೆ ಷಟ್ಪದಿ ಹೇಳಿಕೊಟ್ಟ ರೀತಿಯ ಸೇಡು ತೀರಿಸಿಕೊಳ್ಳಲು ಕಾದಿದ್ದಳೋ ಏನೋ, ಎಲೆಯಡಿಕೆ ತಟ್ಟೆ ಪಕ್ಕಕ್ಕೆ ಸರಿಸಿ ಕೂತಳು.

"ಅಪ್ಪ, ಹೊಸಕೋಟೆ ಬಸ್‌ಸ್ಟ್ಯಾಂಡು ಜ್ಞಾಪಿಸ್ಕೋ. ಸಂಜೆ ಚಿಂತಾಮಣಿ ಬಸ್ಸು ಬಂತು. ನಿನ್ ಗುಂಡಿಗೇನೇ ಆ ಬಸ್ಸು. ಅದರೊಳಗೆ ಸೀಟುಗಳಿವೆ. ನೀನು ಸಿಟ್ಟಾದಾಗ, ಹೆದರಿದಾಗ ಅಡ್ರಿನಲಿನ್ ಅಂತ ಒಂದು ಗುಂಪು ಓಡಿ ಬರ್ತದೆ. ಬಂದು ಸೀಟಲ್ಲಿ ಕೂತರೇನೇ ಬಸ್ಸಿಗೆ ಸ್ಪೀಡು. ಎಷ್ಟು ಜನ ಕೂತ್ರೆ ಅಷ್ಟು ಸ್ಪೀಡು."

"ಸರಿ."

"ಈ ಮಾತ್ರೆ ಏನ್ ಮಾಡ್ತದೆ ಅಂದ್ರೆ, ಗುಂಪು ಬರೋಕ್ ಮುಂಚೇನೇ ಕಿಟಕಿಯಿಂದ ಸೀಟಿಗೆಲ್ಲ ಟವೆಲ್ ಹಾಕಿಬಿಡ್ತದೆ."

ಇದಕ್ಕಿಂತ ಸ್ಪಷ್ಟವಾಗಿ ಯಾವ ಪ್ರೊಫೆಸರೂ ಹೇಳಲಾರ. ಮಾತ್ರೆ ಅಡ್ರಿನಲಿನ್ ಜೊತೆ ಜಗಳಕ್ಕೆ ಹೋಗುವುದಿಲ್ಲ, ಅದನ್ನು ಓಡಿಸುವುದೂ ಇಲ್ಲ. ಸುಮ್ಮನೆ ಜಾಗ ಹಿಡಿದಿರುತ್ತದೆ. ಟವೆಲ್ ಕೂತಿದೆ, ಆದರೆ ಟವೆಲ್ಲಿಗೆ ಟಿಕೆಟ್ಟಿಲ್ಲ, ಬಸ್ಸು ತನ್ನ ಪಾಡಿಗೆ ಮೆಲ್ಲಗೆ ಹೋಗುತ್ತದೆ. ಬಂದ ಗುಂಪು ವಿಪರೀತ ದೊಡ್ಡದಾಗಿದ್ದರೆ ಕೆಲವರು ಟವೆಲ್ ಸರಿಸಿ ಕೂತೇಬಿಡುತ್ತಾರೆ, ಅದೂ ಉಂಟು.

ಈ ಸೀಟುಗಳಲ್ಲಿ ಆಲ್ಫಾ, ಬೀಟಾ ಅಂತ ಎರಡು ಜಾತಿ ಇವೆ ಎಂದು 1948ರಲ್ಲಿ ಹೇಳಿದವನು ಅಮೆರಿಕದ ರೇಮಂಡ್ ಆಲ್‌ಕ್ವಿಸ್ಟ್. ಅವನ ಪ್ರಬಂಧವನ್ನು ಮೊದಲು ಕಳಿಸಿದ ಪತ್ರಿಕೆ ತಿರಸ್ಕರಿಸಿ ವಾಪಸು ಮಾಡಿತಂತೆ. ಅದನ್ನು ಕೇಳಿ ಆ ಮಹಾನುಭಾವನ ಮೇಲೆ ನನಗೆ ಅಣ್ಣತಮ್ಮನ ಪ್ರೀತಿ ಬಂತು. ನನ್ನ ಪ್ರಬಂಧಗಳು ಎಷ್ಟು ಪತ್ರಿಕೆಗಳಿಂದ ವಾಪಸು ಬಂದಿವೆ ಎಂಬ ಲೆಕ್ಕ ನಂದಗುಡಿ ಪೋಸ್ಟ್‌ಮ್ಯಾನಿಗೆ ಗೊತ್ತು. ಆಲ್‌ಕ್ವಿಸ್ಟ್‌ನ ಪ್ರಬಂಧವನ್ನು ಹತ್ತು ವರ್ಷ ಬಿಟ್ಟು ನಂಬಿ ಕೆಲಸಕ್ಕೆ ಇಳಿದವನು ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್. ಎದೆನೋವಿನವರ ಗುಂಡಿಗೆಗೆ ಆಮ್ಲಜನಕ ಸಾಲುತ್ತಿಲ್ಲ, ಹೆಚ್ಚು ಒದಗಿಸುವುದು ಹೇಗೆ ಅಂತ ಎಲ್ಲರೂ ತಲೆ ಕೆಡಿಸಿಕೊಂಡಿದ್ದಾಗ, ಗುಂಡಿಗೆಯ ಖರ್ಚನ್ನೇ ಕಡಿಮೆ ಮಾಡಿದರೆ ಹೇಗೆ ಅಂತ ಅವನು ಕೇಳಿದ. ಮೇಷ್ಟ್ರ ಸಂಬಳದಲ್ಲಿ ಸಂಸಾರ ತೂಗಿಸಿದ ಯಾವ ಗೃಹಿಣಿಯಾದರೂ ಇದನ್ನು ಅವನಿಗಿಂತ ಮೊದಲು ಹೇಳಬಹುದಿತ್ತು, ಅವಳನ್ನು ಯಾರೂ ಕೇಳಲಿಲ್ಲ. ಮೊದಲು ಮಾಡಿದ ಔಷಧ ಇಲಿಗಳಲ್ಲಿ ಗೆಡ್ಡೆ ತಂದದ್ದರಿಂದ ಬಿಟ್ಟರು. ಆಮೇಲೆ 1960ರ ದಶಕದ ನಡುವೆ ಪ್ರೊಪ್ರನೊಲಾಲ್ ಬಂತು, ಲಾಲ್ ಮನೆತನದ ಹಿರಿಯ. ಬ್ಲ್ಯಾಕ್‌ಗೆ 1988ರಲ್ಲಿ ನೊಬೆಲ್ ಬಂತು.

ಖರ್ಚಿನ ಲೆಕ್ಕವನ್ನು ನಾನೂ ಹಾಕಿದೆ. ನಿಮಿಷಕ್ಕೆ ನೂರು ಬಡಿತವಾದರೆ ದಿನಕ್ಕೆ 1,44,000. ಅರವತ್ತಾದರೆ 86,400. ದಿನಕ್ಕೆ 57,600 ಬಡಿತ ಉಳಿತಾಯ. ಇಷ್ಟು ಉಳಿತಾಯ ನಾನು ಜೀವನದಲ್ಲಿ ಬೇರೆ ಯಾವ ಬಾಬಿನಲ್ಲೂ ಮಾಡಿದ್ದಿಲ್ಲ.

ಎರಡು ವಾರದಲ್ಲಿ ಎದೆಯ ಕಣದಲ್ಲಿ ರಾಗಿ ಬಡಿಯುವುದು ನಿಂತಿತು. ಬಿ.ಪಿ. ಇಳಿಯಿತು. ಬೆಳಗಿನ ಹೊತ್ತು ಕೈಕಾಲು ತಣ್ಣಗಾಗುತ್ತಿತ್ತು. ನನ್ನ ಕೈ ತಾಗಿದರೆ ಹೆಂಡತಿ, "ಬೋರ್‌ವೆಲ್ ಪೈಪು ಮುಟ್ಟಿದಂಗಾಯ್ತು" ಅಂತ ಹೌಹಾರುತ್ತಿದ್ದಳು. ಬಣ್ಣಬಣ್ಣದ ಕನಸು ಬೀಳತೊಡಗಿದವು. ಒಂದು ರಾತ್ರಿ ಕರ್ಣ ಬಂದು ರಥದ ಟೈರು ಪಂಕ್ಚರಾಗಿದೆ ಅಂದ. ಇವೆಲ್ಲ ಈ ಮಾತ್ರೆಯ ಮಾಮೂಲು ಚೇಷ್ಟೆಗಳಂತೆ. ಆದರೆ ಒಂದು ವಿಷಯ ಡಾಕ್ಟರೂ ಹೇಳಿರಲಿಲ್ಲ, ಮಾತ್ರೆಯ ಪೊಟ್ಟಣದೊಳಗಿನ ಚೀಟಿಯೂ ಹೇಳಿರಲಿಲ್ಲ. ನನ್ನ ಕೋಪ ಕಾಣೆಯಾಗಿತ್ತು.

ಮೊದಲು ಗೊತ್ತಾದದ್ದು ಅವರೆಕಾಯಿ ಕಾಲದಲ್ಲಿ. ಹೊಸಕೋಟೆಯಲ್ಲಿ ಅವರೆಕಾಯಿ ರಾಶಿ ಮುಂದೆ ನಿಂತು ರೇಟು ಕೇಳಿದೆ. ಮಾರುವವಳು ಹೇಳಿದಳು. ನಾನು ರೂಢಿಯಂತೆ, "ಏನಮ್ಮಾ, ಹಗಲು ದರೋಡೆನಾ?" ಅಂದೆ. ಮಾತೇನೋ ಅದೇ, ಒಳಗೆ ಮೇಳ ಇರಲಿಲ್ಲ. ಕಿವಿ ಕೆಂಪಾಗಲಿಲ್ಲ, ಕೈ ನಡುಗಲಿಲ್ಲ. ದೇವಸ್ಥಾನದಲ್ಲಿ ತೀರ್ಥ ಕೇಳಿದ ಹಾಗೆ ಕೇಳಿಸಿತಂತೆ. ಅವಳು ನನ್ನ ಮುಖ ನೋಡಿ, "ಯಾಕಣ್ಣ, ಮೈಯಾಗೆ ಉಸಾರಿಲ್ವಾ?" ಅಂತ ಕನಿಕರದಿಂದ ವಿಚಾರಿಸಿ, ಐದು ರೂಪಾಯಿ ಜಾಸ್ತಿ ತೆಗೆದುಕೊಂಡಳು.

ಮನೆಯಲ್ಲಿ ಹೆಂಡತಿ ಪರೀಕ್ಷೆಗೆ ಇಳಿದಳು. ಒಂದು ದಿನ ಬಸ್ಸಾರಿಗೆ ಉಪ್ಪೇ ಹಾಕಲಿಲ್ಲ, ನಾನು ಊಟ ಮಾಡಿ ಎದ್ದೆ. ಇನ್ನೊಂದು ದಿನ ಪೇಪರಿನ ಪದಬಂಧವನ್ನು ನನಗಿಂತ ಮೊದಲು ತುಂಬಿಟ್ಟಳು, ಅದೂ ಪೆನ್ನಿನಲ್ಲಿ. ಸುಮ್ಮನಿದ್ದೆ. ರಾತ್ರಿ ಮಗಳಿಗೆ ಫೋನು ಮಾಡಿ, "ಮನೇಲಿ ಗಂಡಸ್ರೇ ಇಲ್ಲ ಅನ್ನಂಗಾಗೈತೆ ಕಣೇ" ಅಂತ ಹೇಳುತ್ತಿದ್ದದ್ದು ಕೇಳಿಸಿತು. ಅದಕ್ಕೂ ಕೋಪ ಬರಲಿಲ್ಲ.

ವಿಲಿಯಂ ಜೇಮ್ಸ್ ಅಂತ ಒಬ್ಬ ಅಮೆರಿಕದ ಮನಶ್ಶಾಸ್ತ್ರಜ್ಞ 1884ರಲ್ಲಿ ಒಂದು ವಿಚಿತ್ರ ವಾದ ಹೂಡಿದ. ದುಃಖವಾಗಿ ಅಳುವುದಲ್ಲ, ಅಳುವುದರಿಂದ ದುಃಖ; ಕೋಪ ಬಂದು ಮೈ ನಡುಗುವುದಲ್ಲ, ಮೈ ನಡುಗುವುದನ್ನು ಮನಸ್ಸು ಕಂಡುಕೊಂಡಾಗ ಅದೇ ಕೋಪ. ಬಿ.ಎಡ್. ಓದುವಾಗ ಇದನ್ನು ಪರೀಕ್ಷೆಗೆ ಬರೆದು ಮರೆತಿದ್ದೆ, ಈಗ ನೆನಪಾಗಿ ಎದೆ ಹಿಡಿದುಕೊಂಡೆ. ಹಾಗಾದರೆ ಇಷ್ಟು ವರ್ಷ ಊರೆಲ್ಲ ಹೆದರಿದ್ದು ಯಾವುದಕ್ಕೆ? ನನ್ನ ಸ್ವಾಭಿಮಾನ, ಸತ್ಯನಿಷ್ಠೆ, ಅನ್ಯಾಯ ಸಹಿಸದ ಗುಣ ಅಂತ ಬೀಳ್ಕೊಡುಗೆ ಸಮಾರಂಭದಲ್ಲಿ ಹೊಗಳಿದ್ದೆಲ್ಲ ಬಸ್ಸಿನ ಸೀಟಿನ ಗಲಾಟೆಯೇ? 25 ಮಿಲಿಗ್ರಾಂಗೆ ಮಲಗುವ ಸತ್ಯನಿಷ್ಠೆ ಎಂಥ ಸತ್ಯನಿಷ್ಠೆ?

ಜೇಮ್ಸ್‌ನ ವಾದವನ್ನು ಪಂಡಿತರು ಪೂರ್ತಿ ಒಪ್ಪಿಲ್ಲ, ಅದೂ ಗೊತ್ತು. ಆದರೆ ತಾಲೀಮಿನಲ್ಲಿ ಅವನೇ ಗೆದ್ದ. ಸಂಧಾನದ ಸೀನಿನಲ್ಲಿ ಕೃಷ್ಣ ಐದು ಊರು ಕೇಳಿದರು. ನಾನು ಎದ್ದು ನಿಂತು ಕಂದ ಹೇಳಿದೆ. ಶ್ರುತಿ ತಪ್ಪಲಿಲ್ಲ, ತಾಳ ತಪ್ಪಲಿಲ್ಲ, ಮಾತು ಮರೆಯಲಿಲ್ಲ. ಹಾರ್ಮೋನಿಯಂ ಮೇಷ್ಟ್ರು ಪೆಟ್ಟಿಗೆ ಮುಚ್ಚಿದರು.

"ಈ ದುರ್ಯೋಧನನ್ನ ಇನ್ನೊಂದ್ ಸಲ ಕೇಳಿದ್ರೆ ಐದು ಊರು ಕೊಟ್ಟೇಬಿಡ್ತಾನೆ. ಯುದ್ಧಾನೇ ಇಲ್ಲ. ಹನ್ನೊಂದು ಗಂಟೆಗೆ ಮಂಗಳ ಹಾಡಿ ಮನೆಗೆ ಹೋಗೋಣ. ಬೆಳಗಿನ ತನಕ ಸೀನರಿ ಬಾಡಿಗೆ ಯಾಕೆ ಕೊಟ್ಟಿದ್ದು?"

ಧರ್ಮರಾಯನ ಪಾರ್ಟು ಕೊಡೋಣವೇ ಅಂತ ಯಾರೋ ಅಂದರು. ಅದಕ್ಕೂ ನನಗೆ ಕೋಪ ಬರಲಿಲ್ಲ ಎಂಬುದೇ ಅವರ ಮಾತಿಗೆ ಸಾಕ್ಷಿಯಾಯಿತು. ಕೊನೆಗೆ ಮೇಷ್ಟ್ರು ನನ್ನನ್ನು ಮೂಲೆಗೆ ಕರೆದು ಪಿಸುಗುಟ್ಟಿದರು: "ನಾಟಕದ ದಿನ, ಹಿಂದಿನ ದಿನ, ಎರಡೇ ದಿನ. ಆ ಲಾಲ್‌ನ ಬಿಟ್ಬಿಡಿ. ರೌದ್ರ ತಾನಾಗೇ ಬತ್ತದೆ."

ಬಿಟ್ಟರೆ ಏನಾಗುತ್ತದೆ ಎಂಬುದು ನನಗೆ ಅಷ್ಟರಲ್ಲಿ ಗೊತ್ತಿತ್ತು. ಮಾಘದಲ್ಲಿ ಚಿಂತಾಮಣಿ ಕಡೆ ಒಂದು ಮದುವೆಗೆ ಹೋದವನು ಮಾತ್ರೆ ಮರೆತು ಬಂದಿದ್ದೆ. ಎರಡು ದಿನ ಕಳೆದು ಮೂರನೆಯ ಬೆಳಿಗ್ಗೆ, ಧಾರೆಯ ಹೊತ್ತಿಗೆ, ನಾದಸ್ವರದ ಡೋಲು ಎದೆಯೊಳಗೇ ಬಂದು ಕೂತಿತು. ಪಾಯಸ ಬಡಿಸುವವನು ನನ್ನ ಎಲೆ ದಾಟಿ ಹೋದ ಅಷ್ಟೇ. ನಾನು ಎದ್ದು ನಿಂತು ಗರ್ಜಿಸಿದ್ದಕ್ಕೆ ಬೀಗರ ಕಡೆಯವರೆಲ್ಲ ಎಲೆ ಬಿಟ್ಟು ಎದ್ದರು. ನಮ್ಮ ಕಡೆಯವರಿಗೆ ಮಾತ್ರ ಸಂಭ್ರಮ. "ಮೇಷ್ಟ್ರು ಉಸಾರಾದ್ರು!" ಉಸಾರಾದ ಮೇಷ್ಟ್ರು ಆ ಸಂಜೆ ಹೊಸಕೋಟೆಯಲ್ಲಿ ತೋಳಿಗೆ ಪಟ್ಟಿ ಸುತ್ತಿಸಿಕೊಂಡು ಮಲಗಿದ್ದರು. ಡಾಕ್ಟರು ನಾನು ಹುಡುಗರನ್ನು ಬೈಯುತ್ತಿದ್ದುದಕ್ಕಿಂತ ಚೆನ್ನಾಗಿ ಬೈದರು. ಈ ಮಾತ್ರೆಯನ್ನು ದಿಢೀರನೆ ಬಿಡುವ ಹಾಗಿಲ್ಲ. ಬಿಡಲೇಬೇಕಾದರೂ ಡಾಕ್ಟರು ಹೇಳಿದಂತೆ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು.

ಮಗಳ ಬಸ್ಸು ಇಲ್ಲಿಗೂ ಬಂತು. "ಸೀಟೆಲ್ಲ ಟವೆಲ್ ಹಾಕಿ ಹಿಡಿದಿಟ್ರೆ ಬಸ್ಸು ಏನ್ ಮಾಡ್ತದೆ ಗೊತ್ತಾ ಅಪ್ಪ? ಜನಕ್ಕೆ ಸೀಟು ಸಾಲ್ತಿಲ್ಲ ಅಂದ್ಕೊಂಡು ಒಳಗೇ ಇನ್ನಷ್ಟು ಸೀಟು ಹಾಕಿಸ್ಕೊಳ್ತದೆ. ನೀನು ಒಂದಿನ ಟವೆಲ್ಲೆಲ್ಲ ಒಟ್ಟಿಗೇ ಎತ್ಕೊಂಡ್ರೆ? ಹಳೇ ಸೀಟು, ಹೊಸ ಸೀಟು, ಎಲ್ಲಾದ್ರಲ್ಲೂ ಗುಂಪು ಬಂದು ಕೂತ್ಬಿಡ್ತದೆ. ಬಸ್ಸು ಚಿಂತಾಮಣೀಲೂ ನಿಲ್ಲಲ್ಲ." ಗುಂಡಿಗೆಯ ರಕ್ತನಾಳ ಮೊದಲೇ ಕಟ್ಟಿಕೊಂಡವರಿಗೆ ಹೀಗಾದರೆ ಹೃದಯಾಘಾತವೇ ಆಗಬಹುದಂತೆ. ಆವತ್ತಿನಿಂದ ಅವಳು ವಾರಕ್ಕೊಮ್ಮೆ ವಿಡಿಯೊ ಕಾಲ್ ಮಾಡಿ ಮಾತ್ರೆ ಪಟ್ಟಿ ತೋರಿಸು ಅಂತ ಖಾಲಿ ಗುಳಿಗಳನ್ನು ಎಣಿಸುತ್ತಾಳೆ. ನಾನು ಅವಳ ಕಾಪಿ ಪುಸ್ತಕದ ಪುಟ ಎಣಿಸುತ್ತಿದ್ದೆ.

ಮೇಷ್ಟ್ರ ಪಿಸುಮಾತು ಹೀಗೆ ವ್ಯರ್ಥವಾಯಿತು. ಆದರೆ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದ ಭೀಮನಿಗೆ ಬೇರೆ ಯೋಚನೆ ಹುಟ್ಟಿತು. ನಮ್ಮ ಭೀಮ ಹಾಲಿನ ಡೇರಿಯಲ್ಲಿ ಫ್ಯಾಟು ನೋಡುವ ಹುಡುಗ. ಕುತ್ತಿಗೆ ಗೂಳಿಯದು, ಎದೆ ಗುಬ್ಬಚ್ಚಿಯದು. ಬಣ್ಣ ಹಚ್ಚಿದರೆ ಮಂಡಿ ನಡುಗಿ ಗೆಜ್ಜೆ ತಾನಾಗಿ ಸದ್ದು ಮಾಡುತ್ತದೆ. ಮಾರನೆಯ ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದೇ ಮನೆಗೆ ಬಂದ.

"ಮೇಷ್ಟ್ರೇ, ನಿಮಗೆ ನಡುಕ ಓಗದಲ್ಲ, ನಂಗೂ ಒಂದು ಲಾಲ್ ಕೊಡಿ. ಆಟದ ದಿನಕ್ಕೆ ಒಂದೇ."

ಬುದ್ಧಿ ಅವನದೇನೂ ಹೊಸದಲ್ಲ. ದೊಡ್ಡ ದೊಡ್ಡ ದೇಶಗಳಲ್ಲಿ ಪಿಟೀಲು ನುಡಿಸುವವರು ಕಚೇರಿಗೆ ಮುಂಚೆ ಬೆರಳ ನಡುಕ ನಿಲ್ಲಲಿ ಅಂತ ಪ್ರೊಪ್ರನೊಲಾಲ್ ನುಂಗುವುದುಂಟು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಉತ್ತರ ಕೊರಿಯಾದ ಕಿಮ್ ಜೊಂಗ್ ಸು ಪಿಸ್ತೂಲು ಸ್ಪರ್ಧೆಯಲ್ಲಿ ಒಂದು ಬೆಳ್ಳಿ, ಒಂದು ಕಂಚು ಗೆದ್ದು, ಮೂತ್ರದಲ್ಲಿ ಇದೇ ಪ್ರೊಪ್ರನೊಲಾಲ್ ಸಿಕ್ಕಿದ್ದರಿಂದ ಎರಡನ್ನೂ ವಾಪಸು ಕೊಟ್ಟ. ಗುರಿ ಇಡುವವನ ಕೈ ನಡುಗಬಾರದು, ಎದೆಯ ಬಡಿತ ಬೆರಳಿಗೆ ಬರಬಾರದು, ಅದಕ್ಕೇ ಬಿಲ್ಲುಗಾರಿಕೆ, ಶೂಟಿಂಗ್‌ಗಳಲ್ಲಿ ಬೀಟಾ ಬ್ಲಾಕರ್‌ಗೆ ನಿಷೇಧ. ಹಕ್ಕಿಯ ಕಣ್ಣು ಮಾತ್ರ ಕಾಣುತ್ತಿದೆ ಅಂದ ಅರ್ಜುನನ ಮೂತ್ರವನ್ನೂ ಇವತ್ತಿನ ಕಾಲದಲ್ಲಾದರೆ ಪರೀಕ್ಷೆಗೆ ಕಳಿಸುತ್ತಿದ್ದರು. ಗದಾಯುದ್ಧಕ್ಕೆ ನಿಷೇಧವಿಲ್ಲ. ಕೊಟ್ಟರೇನಂತೆ ಅಂತ ನಾನು ಮಾತ್ರೆಯ ಡಬ್ಬಿಗೆ ಕೈ ಹಾಕಿದೆ. ಊರಲ್ಲಿ ಮಾತ್ರೆ ಹಂಚಿಕೊಳ್ಳುವುದು ಮೊಸರು ಹೆಪ್ಪಿನಷ್ಟೇ ಸಲೀಸು.

ರಜೆಗೆ ಬಂದಿದ್ದ ಮಗಳು ಒಳಗಿನಿಂದ ಓಡಿಬಂದು ಡಬ್ಬಿ ಕಿತ್ತುಕೊಂಡಳು. "ಅಣ್ಣ, ನಿನಗೆ ಉಬ್ಬಸ ಇದೆ ಅಲ್ವಾ? ಬಾಯಿಗೆ ಪಂಪು ಹೊಡ್ಕೊಳ್ತೀಯಲ್ಲ?" ಇತ್ತು, ಚಿಕ್ಕಂದಿನಿಂದ. ಹಾಗಾದರೆ ಈ ಮಾತ್ರೆ ಮುಟ್ಟುವ ಹಾಗಿಲ್ಲ. ಶ್ವಾಸನಾಳಗಳು ತೆರೆದುಕೊಂಡಿರುವುದಕ್ಕೂ ಬೀಟಾ ಸೀಟೇ ಬೇಕು. ಅಲ್ಲಿಯೂ ಟವೆಲ್ ಬಿದ್ದರೆ ಉಸಿರು ಕಟ್ಟುತ್ತದೆ. ಅವನ ಪಂಪು ಹೋಗಿ ಕೂರಬೇಕಾದ್ದೂ ಅದೇ ಸೀಟಿನಲ್ಲಿ, ಪಂಪು ಹೊಡೆದರೂ ಕೆಲಸಕ್ಕೆ ಬಾರದೆ ಹೋದೀತು. ನಾನು ಬೆವೆತುಹೋದೆ. ಸರೋವರದ ದಂಡೆಯಲ್ಲಿ ಭೀಮ ಕೂಗಲು ಬಾಯಿ ತೆರೆದು, ಉಸಿರು ಸಿಕ್ಕದೆ ಕುಸಿದು, ದುರ್ಯೋಧನ ನೀರಿನಿಂದ ಎದ್ದು ಬಂದು ಅವನ ಬೆನ್ನು ನೀವುತ್ತಿರುವ ಚಿತ್ರ ಕಣ್ಣೆದುರು ಬಂತು. ವ್ಯಾಸರು ಕ್ಷಮಿಸುತ್ತಿರಲಿಲ್ಲ.

"ನೋಡು, ಬೆವರ್ತಾ ಇದ್ದೀಯ" ಅಂದಳು ಮಗಳು. "ಎದೆ ಹೊಡ್ಕೊಳ್ತಾ ಇದೆಯಾ? ಇಲ್ಲ. ಕೈ ನಡುಗ್ತಾ ಇದೆಯಾ? ಇಲ್ಲ. ಬೆವರು ಮಾತ್ರ ಬಂತು. ಯಾಕೆ ಹೇಳು? ಬೆವರಿನ ಗ್ರಂಥಿ ಈ ರೂಟಿಗೆ ಬರಲ್ಲ. ಅದರ ನರ ತರೋದು ಅಡ್ರಿನಲಿನ್ ಅಲ್ಲ, ಅಸಿಟೈಲ್‌ಕೋಲಿನ್. ನಿನ್ ಮಾತ್ರೆ ಅಲ್ಲಿ ಟವೆಲ್ ಹಾಕಿಲ್ಲ."

ನಮ್ಮ ಶಕುನಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ, ಜೊತೆಗೆ ಅವರಿಗೂ ಒಂದು ಲಾಲ್ ಇದೆ. ಸಕ್ಕರೆ ಕುಸಿದಾಗ ಆಗುವ ನಡುಕ, ಎದೆಬಡಿತ ನಿಮಗೆ ತಿಳಿಯದೇ ಹೋಗಬಹುದು, ಕಾರಣವಿಲ್ಲದೆ ಬೆವರಿದರೆ ಹುಷಾರಾಗಿ ಅಂತ ಡಾಕ್ಟರು ಅವರಿಗೆ ಹೇಳಿದ್ದರಂತೆ. ಅದಕ್ಕೇ ಪಗಡೆಯ ದಾಳದ ಜೊತೆ ಜೇಬಿನಲ್ಲಿ ಸದಾ ಗ್ಲೂಕೋಸ್ ಪುಡಿ ಇಟ್ಟಿರುತ್ತಾರೆ. ಇದುವರೆಗೆ ನಾನು ಅದನ್ನು ಕೈಚಳಕದ ಪುಡಿ ಅಂದುಕೊಂಡಿದ್ದೆ.

ಬೆವರಿನ ಬಗ್ಗೆ ಮಗಳು ಅಂದ ಆ ಮಾತಿನಿಂದ ನನ್ನೊಳಗಿನ ಕನ್ನಡ ಮೇಷ್ಟ್ರು ಎದ್ದು ಕೂತ. ಭರತ ಮುನಿ ನಾಟ್ಯಶಾಸ್ತ್ರದಲ್ಲಿ ಎಂಟು ಸಾತ್ತ್ವಿಕ ಭಾವಗಳನ್ನು ಹೇಳುತ್ತಾನೆ: ಸ್ತಂಭ, ಸ್ವೇದ, ರೋಮಾಂಚ, ಸ್ವರಭಂಗ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ. ಎದೆಬಡಿತವನ್ನು ಇವುಗಳಲ್ಲಿ ಸೇರಿಸಿಲ್ಲ. ಹಿಂದಿನ ಸಾಲಿನಲ್ಲಿ ಚಾಪೆ ಹಾಸಿಕೊಂಡು ಕೂತವನಿಗೆ ಅದು ಕಾಣುವುದಿಲ್ಲವಲ್ಲ! ಹೋದದ್ದು ಕಾಣದ ಎದೆಬಡಿತ, ಮತ್ತೆ ವೇಪಥು ಎಂಬ ನಡುಕ ಒಂದು. ಸ್ವೇದ ಉಳಿದಿದೆ. ಎಂಟರಲ್ಲಿ ಏಳು ಕೈಯಲ್ಲಿರುವಾಗ ಧರ್ಮರಾಯನ ಪಾರ್ಟು ಯಾಕೆ? ಇನ್ನು ರನ್ನನ ಗದಾಯುದ್ಧ. ಭೀಮನ ಕೂಗು ಕೇಳಿ ಸರೋವರದ ತಳದಲ್ಲಿದ್ದ ದುರ್ಯೋಧನನಿಗೆ ಕೋಪಕ್ಕೆ ಏನಾಯಿತು ಅಂತ ಆ ಕವಿ ಹೇಳಿದ? ಎದೆ ಹೊಡೆದುಕೊಂಡಿತು ಅಂತ ಹೇಳಿದನೇ? ಅಷ್ಟು ತಣ್ಣನೆಯ ನೀರಿನಲ್ಲೂ ಮೈ ಬೆವರಿತು ಅಂತ ಹೇಳಿದ. ಹತ್ತನೆಯ ಶತಮಾನದಲ್ಲಿ, ಮುಧೋಳದ ಬಳೆಗಾರರ ಮನೆಯ ಹುಡುಗ, ಯಾವ ಫಾರ್ಮಸಿ ಕಾಲೇಜಿನ ಮೆಟ್ಟಿಲೂ ಹತ್ತದವನು, ನನ್ನ ಮಾತ್ರೆ ಮುಟ್ಟಲಾಗದ ಜಾಗಕ್ಕೇ ಬೆರಳಿಟ್ಟು ಹೋಗಿದ್ದ. ಮೂವತ್ತೆರಡು ವರ್ಷ ಆ ಪದ್ಯ ಪಾಠ ಮಾಡಿದ್ದೇನೆ, ಸಂದರ್ಭಸಹಿತ ವಿವರಿಸಿ ಅಂತ ಪ್ರಶ್ನೆ ಕೊಟ್ಟಿದ್ದೇನೆ. ಸಂದರ್ಭ ನನಗೇ ಗೊತ್ತಿರಲಿಲ್ಲ.

ಯುಗಾದಿ ಕಳೆದ ಮೇಲಿನ ಜಾತ್ರೆ. ರಾತ್ರಿ ಒಂಬತ್ತಕ್ಕೆ ಮುದ್ದೆ ಉಂಡು, ಹೆಂಡತಿ ಎದುರಿಗೆ, ವಿಡಿಯೊದಲ್ಲಿ ಮಗಳ ಎದುರಿಗೆ ಮಾತ್ರೆ ನುಂಗಿ ಬಣ್ಣಕ್ಕೆ ಕೂತೆ. ಸಂಧಾನದ ಸೀನು ಸಾಧಾರಣ ಆಯಿತು, ಸುಳ್ಳು ಹೇಳಲಾರೆ. ಮುಂದಿನ ಸಾಲಿನವರು ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಲಿಲ್ಲ. ಅಭಿಮನ್ಯು ಸತ್ತ, ಕರ್ಣ ಸತ್ತ, ನಾಲ್ಕೂವರೆಗೆ ಸರೋವರದ ಸೀನು ಬಂತು.

ಸರೋವರ ಅಂದರೆ ತಾವರೆ ಬರೆದ ನೀಲಿ ಪರದೆ. ಅದರ ಹಿಂದೆ ಮಡಚುವ ಕುರ್ಚಿಯ ಮೇಲೆ, ತೊಡೆಯ ಮೇಲೆ ಗದೆ ಇಟ್ಟುಕೊಂಡು ಕೂತೆ. ಮೇಲೆ ಎರಡು ಹ್ಯಾಲೊಜೆನ್ ದೀಪ, ಮೈಮೇಲೆ ಮಖಮಲ್ಲಿನ ಅಂಗಿ, ಭುಜಕೀರ್ತಿ, ಎದೆಹಾರ, ಮೂರು ಸೇರಿನ ಕಿರೀಟ. ಪರದೆಯ ಆಚೆ ಭೀಮ ಕೂಗಿದ. ಅವತ್ತು ಏನಾಗಿತ್ತೋ ಆ ಹುಡುಗನಿಗೆ, ದೇವರಾಣೆಗೂ ಡೇರಿಯ ಗುಬ್ಬಚ್ಚಿಯ ದನಿಯಲ್ಲ ಅದು. ನೀಲಗಿರಿ ತೋಪಿನ ನಾಯಿಗಳೆಲ್ಲ ಓಗೊಟ್ಟವು. ನನ್ನ ವಂಶ, ನನ್ನ ತೊಡೆ, ನಾನು ನೀರಿನಲ್ಲಿ ಅವಿತುಕೊಂಡ ಹೇಡಿತನ ಒಂದೊಂದನ್ನೂ ಹೆಸರು ಹಿಡಿದು ಬೈದ. ನಾನು ಮಣಿಕಟ್ಟಿನ ಮೇಲೆ ಬೆರಳಿಟ್ಟು ಎಣಿಸಿದೆ. ಅರವತ್ತೆರಡು. ಗದೆ ಹಿಡಿದ ಕೈ ಕಂಬದ ಹಾಗೆ ನಿಂತಿತ್ತು. ಆದರೆ ಕಿರೀಟದ ಒಳಗೆ ಎಲ್ಲೋ ಒಂದು ಹನಿ ಹುಟ್ಟಿತು. ಹಣೆಗೆ ಇಳಿಯಿತು. ಅದರ ಹಿಂದೆ ಇನ್ನೊಂದು. ಭೀಮ ಮತ್ತೆ ಕೂಗಿದ, ಬೆನ್ನಿನ ಕಾಲುವೆಯಲ್ಲಿ ನೀರು ಬಿಟ್ಟ ಹಾಗಾಯಿತು. ಗಲ್ಲದ ಬಣ್ಣ ಕರಗಿ ಎದೆಹಾರದ ಮೇಲೆ ಕೆಂಪಗೆ ತೊಟ್ಟಿಕ್ಕಿತು. ಗಮ್ಮು ಹಾಕಿ ಅಂಟಿಸಿದ್ದ ಮೀಸೆಯ ಎಡತುದಿ ಬಿಟ್ಟುಕೊಂಡಿತು.

ಪರದೆ ಸರಿಸಿ ಎದ್ದು ನಿಂತೆ. ಮುಂದಿನ ಸಾಲಿನ ದವಡೆಗಳು ನಿಂತವು. ನಾನು ತಲೆಯಿಂದ ಕಾಲಿನ ತನಕ ತೊಯ್ದು ತೊಪ್ಪೆಯಾಗಿದ್ದೆ, ಹ್ಯಾಲೊಜೆನ್ ಬೆಳಕಿಗೆ ಮೈಯೆಲ್ಲ ಹೊಳೆಯುತ್ತಿತ್ತು. ಯಾರೋ ಅಜ್ಜ ಬೀಡಿ ಬಾಯಿಂದ ತೆಗೆದು ಪಕ್ಕದವನಿಗೆ ಕೂಗಿ ಹೇಳಿದ: "ಲೇಯ್, ಮೇಷ್ಟ್ರು ನಿಜ್ವಾಗ್ಲೂ ಕೆರೆಯಾಗಿಂದ ಎದ್ ಬಂದವ್ರೆ ಕಣ್ಲಾ!" ಒಂದು ಕ್ಷಣ ಸದ್ದಿಲ್ಲ. ಆಮೇಲೆ ಹಿಂದಿನ ಚಾಪೆಗಳಿಂದ ಶುರುವಾಗಿ ಶಿಳ್ಳೆ ಮುಂದಕ್ಕೆ ಬಂತು. ಒನ್ಸ್ ಮೋರ್. ಒನ್ಸ್ ಮೋರ್.

ಹಾಡಿಗೆ ಒನ್ಸ್ ಮೋರ್ ಕೇಳಿದ್ದೇನೆ, ಸರೋವರದಿಂದ ಎದ್ದು ಬರುವುದಕ್ಕೆ ಯಾವ ಊರಲ್ಲೂ ಕೇಳಿಲ್ಲ. ಹಾರ್ಮೋನಿಯಂ ಮೇಷ್ಟ್ರ ಕಡೆ ನೋಡಿದೆ, ಅವರು ಹಲ್ಲು ಬಿಟ್ಟು ಮತ್ತೆ ಶ್ರುತಿ ಹಿಡಿದಾಗಿತ್ತು. ಭೀಮ ಗದೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಜನಕ್ಕೆ ಬೆನ್ನು ಮಾಡಿ, ಸೊಂಟದ ಪಟ್ಟಿಯಿಂದ ಪಂಪು ತೆಗೆದು ಎರಡು ಸಲ ಎಳೆದುಕೊಂಡ. "ಬಿರ್ರನೆ ಓಗಿ ಮೇಷ್ಟ್ರೇ, ಇನ್ನೊಂದ್ ಕಿತ ಕೂಗ್ತೀನಿ" ಅಂದ. ನಾನು ಮೀಸೆಯನ್ನು ಅಂಗೈಯಲ್ಲಿ ಒತ್ತಿಹಿಡಿದು ಮತ್ತೆ ನೀರಿಗೆ ಇಳಿದೆ.